ಮಡಿಕೆಗೆ ಸಿಕ್ಕ ಸಾಲು

ಫಾಲ್ ರಿವರ್, ಮ್ಯಾಸಚೂಸೆಟ್ಸ್
ಜನವರಿ 11, 2023

ಪರವಾನಗಿ ಅಧಿಕಾರಿಗಳಿಗೆ,
ನಗರಸಭೆ, ಲೋಮಾ ಸೆಕಾ, ಕ್ಯಾಲಿಫೋರ್ನಿಯಾ

ಮಾನ್ಯರೇ,

ಇದರೊಂದಿಗೆ ವ್ಯಾಪಾರ ಪರವಾನಗಿಯ ಅರ್ಜಿ ಲಗತ್ತಿಸಿದ್ದೇನೆ. ಅಂಗಡಿಯ ಹೆಸರು: ಬೋರ್ಬಾ ಹೊಲಿಗೆ ಮತ್ತು ರಿಪೇರಿ. ಸ್ಥಳ: ಮುಖ್ಯರಸ್ತೆಯಲ್ಲಿ, ಊರಿಗೆಲ್ಲ ಅಜ್ಜಿಯಾಗಿದ್ದು ಈಗ ತೀರಿಕೊಂಡ ಇಡಾಲಿನಾ ಅಜ್ಜಿಯ ಟೈಲರ್ ಅಂಗಡಿ. ಕೆಲಸದ ವಿವರ: ಪ್ಯಾಂಟು ಉದ್ದವಾದವರಿಗೆ ಗಿಡ್ಡ ಮಾಡುವುದು, ಹೊಟ್ಟೆ ಮುಂದೆ ಬಂದವರಿಗೆ ಸೊಂಟ ಬಿಡಿಸುವುದು, ಫೆಸ್ತಾ ಹಬ್ಬದ ರಾಣಿಯಾಗುವ ಹುಡುಗಿಯರಿಗೆ ಮಖಮಲ್ಲಿನ ಮೇಲಂಗಿ ಹೊಲಿಯುವುದು.

ಉಳಿದ ಊರುಗಳು ಅರ್ಜಿಯನ್ನು ಕಂಪ್ಯೂಟರಿನಲ್ಲೇ ತೆಗೆದುಕೊಳ್ಳುತ್ತವೆ. ಲೋಮಾ ಸೆಕಾ ಮಾತ್ರ ಹೊರರಾಜ್ಯದವರಿಂದ ಶಾಯಿಯ ಸಹಿ ಬೇಕು, ಅದೂ ಟಪಾಲಿನಲ್ಲೇ ಬರಬೇಕು ಎನ್ನುತ್ತದೆ. ಅಂಚು ಹೊಲಿಯುವವನಿಗೆ ಕೊನೆಗೂ ಅಂಚೆಯೇ ಗತಿಯಾಯಿತು.

ಕಲಂ ಆರು, ‘ಅರ್ಜಿದಾರರು ಹಿಂದೆ ಬಳಸಿದ ಇತರ ಹೆಸರು’, ಖಾಲಿ ಬಿಟ್ಟಿದ್ದೇನೆ. ಆ ಹೆಸರು ಅಧಿಕಾರಿಗಳಿಗೆ ಗೊತ್ತಿದೆ. ಇಟ್ಟವರು ಅವರೇ.

ಈ ಅರ್ಜಿ ಯಾರ ಕೌಂಟರಿಗೆ ಬರುತ್ತದೆ ಎಂಬುದು ನನಗೂ ಗೊತ್ತಿದೆ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಶ್ರೀಮತಿ ಒಡೇಟ್ ಬೋರ್ಬಾ ಕೂರುತ್ತಾರೆ. ಶಾಲೆ ಬಿಟ್ಟ ಮೇಲೆ ನಾನು ಅದೇ ಕೌಂಟರಿನ ಕೆಳಗೆ ಕಾಲು ಚಾಚಿ ಕೂತು, ರದ್ದಾದ ಅರ್ಜಿಗಳ ಬೆನ್ನ ಮೇಲೆ ಅಂಗಿಗಳ ಚಿತ್ರ ಬರೆಯುತ್ತಿದ್ದೆ. ಆಗ ಅವರನ್ನು ಅಮ್ಮ ಎನ್ನುತ್ತಿದ್ದೆ. ಒಂಬತ್ತು ವರ್ಷದಿಂದ ಏನೂ ಅಂದಿಲ್ಲ, ಅವರೂ ಅನ್ನಲಿಲ್ಲ. ಈಗ ಅರ್ಜಿದಾರನಾಗಿರುವುದರಿಂದ ಮಾನ್ಯರೇ ಎನ್ನುತ್ತೇನೆ. ಅರ್ಜಿದಾರನಿಗಾದರೆ ಉತ್ತರ ಬರೆಯಲೇಬೇಕು ಎಂದು ನಿಯಮವಿದೆಯಂತೆ.

ತಮ್ಮ ವಿಧೇಯ,
ಡುವಾರ್ಟೆ ಬೋರ್ಬಾ

*

ನಗರಸಭೆ, ಲೋಮಾ ಸೆಕಾ
ಜನವರಿ 24, 2023

ಮಾನ್ಯ ಅರ್ಜಿದಾರರೇ,

ತಮ್ಮ ಅರ್ಜಿ ಜನವರಿ 18ರಂದು ತಲುಪಿತು. ಪರಿಶೀಲಿಸಲಾಗಿ ಕೆಳಗಿನ ಕೊರತೆಗಳು ಕಂಡುಬಂದಿವೆ.

ಸಹಿ ನೀಲಿ ಶಾಯಿಯಲ್ಲಿದೆ. ಕಪ್ಪು ಶಾಯಿಯಲ್ಲಿರಬೇಕು. ಕಲಂ ಆರನ್ನು ಖಾಲಿ ಬಿಡುವಂತಿಲ್ಲ, ಭರ್ತಿ ಮಾಡತಕ್ಕದ್ದು. ಅಂಗಡಿಯ ನಕ್ಷೆಯಲ್ಲಿ ಹೊಲಿಗೆ ಯಂತ್ರ ಎಲ್ಲಿ, ಇಸ್ತ್ರಿ ಮೇಜು ಎಲ್ಲಿ, ಅಳತೆ ಕೊಡುವವರು ನಿಲ್ಲುವ ಪೀಠ ಎಲ್ಲಿ ಎಂದು ಅಂದವಾಗಿ ಬರೆದಿದ್ದೀರಿ. ಗಿರಾಕಿಗಳ ಶೌಚಾಲಯವನ್ನು ಮಾತ್ರ ತೋರಿಸಿಲ್ಲ. ಅದು ಹಿಂಬದಿಯಲ್ಲಿ, ನೂಲಿನ ಕಪಾಟಿನ ಪಕ್ಕದಲ್ಲಿದೆ ಎಂಬುದು ತಮಗೆ ತಿಳಿದ ವಿಷಯ.

ಶೌಚಾಲಯಕ್ಕೆ ಸಂಬಂಧಿಸಿದ ಸೂಚನಾಪತ್ರವನ್ನು ಲಗತ್ತಿಸಿದೆ. ಒಬ್ಬರೇ ಬಳಸುವ, ಒಳಗಿನಿಂದ ಚಿಲಕ ಹಾಕಿಕೊಳ್ಳುವ ಶೌಚಾಲಯಕ್ಕೆ ಗಂಡಸರದ್ದು, ಹೆಂಗಸರದ್ದು ಎಂದು ಫಲಕ ಹಾಕುವಂತಿಲ್ಲ. ಎಲ್ಲರದ್ದು ಎಂದೇ ಇರತಕ್ಕದ್ದು. ಬಾಗಿಲ ಮೇಲಿನ ಗುರುತಿನ ವಿವರ ಅದರಲ್ಲಿದೆ.

ಕೊರತೆಗಳನ್ನು ಜುಲೈ 17ರ ಒಳಗೆ ಸರಿಪಡಿಸದಿದ್ದಲ್ಲಿ ಅರ್ಜಿ ತಾನಾಗಿ ರದ್ದಾಗುತ್ತದೆ. ಅಂಗಡಿಯನ್ನು ಕೇಳಿಕೊಂಡು ಮೊಬೈಲ್ ರಿಪೇರಿಯವರೊಬ್ಬರು ಕೂಡ ಬಂದು ಹೋಗಿದ್ದಾರೆ ಎಂದು ತಿಳಿದುಬಂದಿದೆ.

ಫಾಲ್ ರಿವರ್‌ನಲ್ಲಿ ಹಿಮ ಬೀಳುತ್ತಿದೆ ಎಂದು ಪತ್ರಿಕೆಯಲ್ಲಿ ಓದಲಾಯಿತು. ಇದು ಕಡತಕ್ಕೆ ಸಂಬಂಧಿಸಿದ್ದಲ್ಲ.

ಒಡೇಟ್ ಬೋರ್ಬಾ
ಪರವಾನಗಿ ವಿಭಾಗ

*

ಫಾಲ್ ರಿವರ್
ಫೆಬ್ರವರಿ 3, 2023

ಮಾನ್ಯರೇ,

ಮೊದಲ ಕೊರತೆ ಓದಿ ನಕ್ಕೆ. ನೀಲಿ ಶಾಯಿಯ ಮೇಲೆ ತಮಗಿರುವ ಹಗೆ ಹಾಗೇ ಇದೆಯಲ್ಲ ಎಂದು ಖುಷಿಯೂ ಆಯಿತು. ಎರಡನೆಯದಕ್ಕೆ ನಗು ನಿಂತಿತು. ಮೂರನೆಯದರ ಲಗತ್ತನ್ನು ಬಿಚ್ಚಿದಾಗ ಕುರ್ಚಿ ಎಳೆದುಕೊಂಡು ಕೂತೆ.

ಒಂಬತ್ತು ವರ್ಷಗಳಲ್ಲಿ ತಮ್ಮ ಕೈ ಮಡಚಿದ ಕಾಗದ ನನಗೆ ಬಂದದ್ದು ಒಂದೇ. ಅದು ಶೌಚಾಲಯದ ಬಾಗಿಲಿನ ಬಗ್ಗೆ.

ಕಡತಕ್ಕೆ ಇದನ್ನೂ ಸೇರಿಸಿಕೊಳ್ಳಿ. 2014ರ ಜೂನ್, ಫೆಸ್ತಾದ ಭಾನುವಾರ, ನಮ್ಮ ಪೋರ್ಚುಗೀಸರ ಸಭಾಭವನ. ಅಡಿಗೆಮನೆಯ ಪಕ್ಕದಲ್ಲಿ ಎರಡು ಬಾಗಿಲು. ಒಂದರ ಮೇಲೆ ಟೋಪಿ ಹಾಕಿದ ಗಂಡಸಿನ ನೀಲಿ ಟೈಲು, ಇನ್ನೊಂದರ ಮೇಲೆ ಶಾಲು ಹೊದ್ದ ಹೆಂಗಸಿನ ನೀಲಿ ಟೈಲು. ಒಳಗೆ ಎರಡೂ ಒಂದೇ. ಒಬ್ಬೊಬ್ಬರೇ ಹೋಗುವ ಕೋಣೆ, ಒಂದೊಂದು ಚಿಲಕ. ಊರಿಗೆಲ್ಲ ಆಗ ನಾನು ಒಡೇಟಳ ಮಗಳು. ಆ ವಾರವಷ್ಟೇ ಕೂದಲು ಕತ್ತರಿಸಿಕೊಂಡಿದ್ದೆ. ಇಡಾಲಿನಾ ಅಜ್ಜಿ ಕೊಟ್ಟ ಉಳಿಕೆ ಮಖಮಲ್ಲಿನಲ್ಲಿ ನಾನೇ ಹೊಲಿದುಕೊಂಡ ವೇಸ್ಟ್‌ಕೋಟು ಹಾಕಿದ್ದೆ. ಶಾಲಿನ ಬಾಗಿಲಿನ ಸಾಲಲ್ಲಿ ನಿಂತರೆ ಹೆಂಗಸರು ಒಂದು ಹೆಜ್ಜೆ ಸರಿದರು. ಟೋಪಿಯ ಬಾಗಿಲಿನ ಹತ್ತಿರ ಹೋದರೆ ಗಂಡಸರು ಕೆಮ್ಮಿದರು. ಎರಡರ ನಡುವಿನ ಗೋಡೆಗೆ ಒರಗಿ ನಿಂತೆ. ಕೈಯಲ್ಲಿ ಸೋಪಾಸ್ ಸಾರಿನ ಸೌಟು ಹಿಡಿದುಕೊಂಡೇ ತಾವು ಹೊರಗೆ ಬಂದಿರಿ. ಎಲ್ಲರೂ ತಮ್ಮನ್ನು ನೋಡಿದರು. ತಾವು ಯಾರನ್ನೂ ನೋಡದೆ ಅಂದಿರಿ: ‘ಮನೆಗೆ ಹೋಗಿ ಬಾ.’

ಮನೆಗೆ ಹೋದೆ. ಅಲ್ಲಿಂದ ಬಸ್ಸಿಗೆ ಹೋದೆ.

ಈಗ ತಾವು ಎಲ್ಲರದ್ದು ಎಂಬ ಬಾಗಿಲಿನ ಬಗ್ಗೆ ನನಗೇ ತಿಳಿವಳಿಕೆ ಕೊಡುತ್ತಿದ್ದೀರಿ, ಲಗತ್ತು ಸಮೇತ. ಜೊತೆಗೆ ಹಳೆಯ ಹೆಸರನ್ನು ನನ್ನ ಕೈಯಲ್ಲೇ ಬರೆಸಬೇಕೆಂದೂ ಇದ್ದೀರಿ. ಅರ್ಜಿ ನನ್ನದು, ಮರ್ಜಿ ತಮ್ಮದು ಎಂದು ತಿಳಿದೇ ಕಳಿಸಿದ್ದೆ. ಮರ್ಜಿ ಏನೆಂದು ಗೊತ್ತಾಯಿತು.

ಅರ್ಜಿಯನ್ನು ಹಿಂಪಡೆಯುತ್ತಿದ್ದೇನೆ.

ಡುವಾರ್ಟೆ ಬೋರ್ಬಾ

*

ನಗರಸಭೆ, ಲೋಮಾ ಸೆಕಾ
ಫೆಬ್ರವರಿ 21, 2023

ಮಾನ್ಯ ಅರ್ಜಿದಾರರೇ,

ಅರ್ಜಿಯನ್ನು ಹಿಂಪಡೆಯಬೇಕಾದರೆ ನಮೂನೆ ಹನ್ನೊಂದರಲ್ಲಿ, ಎರಡು ಪ್ರತಿಗಳಲ್ಲಿ, ಸಾಕ್ಷಿಯ ಸಹಿಯೊಂದಿಗೆ ಕೋರತಕ್ಕದ್ದು. ತಾವು ಬರೀ ಸಿಟ್ಟಿನಲ್ಲಿ ಕೋರಿದ್ದೀರಿ. ಸಿಟ್ಟಿಗೆ ಕಚೇರಿಯಲ್ಲಿ ನಮೂನೆ ಇರುವುದಿಲ್ಲ. ಕೋರಿಕೆಯನ್ನು ತಿರಸ್ಕರಿಸಲಾಗಿದೆ.

ನಮೂನೆ ಹನ್ನೊಂದು ಸದ್ಯಕ್ಕೆ ಮುಗಿದಿದೆ. ಯಾವಾಗ ಅಚ್ಚಾಗಿ ಬರುತ್ತದೆ ಎಂದು ಹೇಳಲು ಬರುವುದಿಲ್ಲ. ಮುದ್ರಣಕ್ಕೆ ಬರೆದು ಹಾಕಬೇಕಾದವಳು ನಾನೇ, ಬರೆದಿಲ್ಲ.

ಇನ್ನು ಸೂಚನಾಪತ್ರದ ವಿಷಯ. ಅದು ತಮಗೆಂದು ಆರಿಸಿ ಕಳಿಸಿದ್ದಲ್ಲ. 2017ರಲ್ಲಿ ಈ ಕಾಯ್ದೆ ಜಾರಿಗೆ ಬಂದ ಮೇಲೆ, ಪರವಾನಗಿ ಕೇಳಿ ಬಂದ ಪ್ರತಿಯೊಬ್ಬರಿಗೂ ಅದನ್ನು ಕೊಡುವ ಕೆಲಸ ಈ ಕೌಂಟರಿಗೆ ಬಿದ್ದಿದೆ. ಡೋನಟ್ ಅಂಗಡಿಗೆ ಕೊಟ್ಟಿದ್ದೇನೆ. ಟೈರ್ ಅಂಗಡಿಗೆ, ಹಲ್ಲಿನ ಡಾಕ್ಟರಿಗೆ, ಬಾದಾಮಿ ವ್ಯಾಪಾರಿಗಳಿಗೆ ಕೊಟ್ಟಿದ್ದೇನೆ. ನಾಯಿಗೆ ಸ್ನಾನ ಮಾಡಿಸುವ ಒಬ್ಬಾಕೆ ‘ನಾಯಿಗಳಿಗೂ ಅನ್ವಯಿಸುತ್ತಾ?’ ಎಂದು ಕೇಳಿದಳು. ಅವಳಿಗೂ ಕೊಟ್ಟೆ. ಎಲ್ಲವನ್ನೂ ನಾನೇ ಮೂರು ಮಡಿಕೆ ಮಾಡಿ ಲಕೋಟೆಗೆ ಹಾಕುತ್ತೇನೆ. ಈಗ ಕೈ ತಾನಾಗಿ ಮಡಚುತ್ತದೆ, ಕಣ್ಣು ಬೇಕಾಗಿಲ್ಲ.

ಅಚ್ಚಾದ ಕಾಗದ ಕಟ್ಟುಕಟ್ಟಾಗಿ ಬಂದ ಮೊದಲ ದಿನ, ಮೇಲಿನ ಎರಡು ಸಾಲು ಓದಿದೆ. ಆಮೇಲೆ ಊಟಕ್ಕೆ ಏಳಲಿಲ್ಲ. ತಾವು ಹೋಗಿ ಆಗಲೇ ಮೂರು ವರ್ಷವಾಗಿತ್ತು. ಕಾಯ್ದೆಗಳು ತಡವಾಗಿಯೇ ಬರುತ್ತವೆ. ನಮ್ಮಂಥವರು ಅದಕ್ಕಿಂತ ತಡ.

ಇಪ್ಪತ್ತೆರಡು ವರ್ಷ ಪರವಾನಗಿ ಕೊಡುತ್ತ ಕೂತು ನಾನು ಯಾರಿಗೂ ಪರವಾಗಿಲ್ಲ ಎಂದವಳಲ್ಲ. ಅದು ಅಭ್ಯಾಸದಲ್ಲಿಲ್ಲ.

ಅರ್ಜಿ ಚಾಲ್ತಿಯಲ್ಲಿದೆ.

ಒಡೇಟ್ ಬೋರ್ಬಾ

*

ನಗರಸಭೆ, ಲೋಮಾ ಸೆಕಾ
ಮಾರ್ಚ್ 27, 2023

ಮಾನ್ಯ ಅರ್ಜಿದಾರರೇ,

ತಮ್ಮಿಂದ ಉತ್ತರವಿಲ್ಲ. ನೆನಪೋಲೆ ಕಳಿಸುವುದು ಕಚೇರಿಯ ಪದ್ಧತಿ ಅಲ್ಲ. ಆದ್ದರಿಂದ ಇದು ನೆನಪೋಲೆ ಅಲ್ಲ.

ಸ್ಥಳ ಪರಿಶೀಲನೆಗೆಂದು ಊಟದ ಬಿಡುವಿನಲ್ಲಿ ಇಡಾಲಿನಾ ಅಜ್ಜಿಯ ಅಂಗಡಿಯ ಕಡೆ ಹೋಗಿದ್ದೆ. ಸ್ಥಳ ಪರಿಶೀಲನೆ ನನ್ನ ಕೆಲಸವಲ್ಲ, ಬೇರೆ ವಿಭಾಗದವರದ್ದು. ಬೀಗ ಹಾಕಿತ್ತು. ಗಾಜಿಗೆ ಹಣೆ ಇಟ್ಟು ನೋಡಿದೆ. ಅಳತೆಯ ಬೊಂಬೆ ಹಾಗೇ ನಿಂತಿದೆ, ಹೆಗಲ ಮೇಲೆ ಟೇಪು. ಮಷೀನಿನ ಮೇಲೆ ಹಳೇ ಹಾಸಿಗೆ ಬಟ್ಟೆ ಮುಚ್ಚಿದ್ದಾರೆ. ಅಜ್ಜಿಯ ಮಗಳು ಹೇಳಿದರು, ಮಷೀನು ಯಾರಿಗೆ ಹೋಗಬೇಕು ಎಂದು ಅಜ್ಜಿ ಬರೆದಿಟ್ಟಿದ್ದಾರಂತೆ. ಯಾರಿಗೆ ಎಂದು ನಾನು ಕೇಳಲಿಲ್ಲ.

ಅಜ್ಜಿ ತಮಗೆ ಪತ್ರ ಬರೆಯುತ್ತಿದ್ದುದು ನನಗೆ ಗೊತ್ತಿತ್ತು. ತಾವು ಬರೆದದ್ದನ್ನು ಅವರು ನನಗೆ ಓದಲು ಕೊಡುತ್ತಿರಲಿಲ್ಲ. ಆದರೆ ಬಾಯಲ್ಲಿ ಸೂಜಿ ಕಚ್ಚಿಕೊಂಡು, ಲಂಗದ ಅಂಚು ಮಡಚುತ್ತ, ‘ಆ ಕಡೆ ಚಳಿಯಂತೆ’, ‘ಬಡ್ತಿ ಕೊಟ್ಟರಂತೆ’, ‘ಜ್ವರ ಬಂದು ಬಿಟ್ಟಿತಂತೆ’ ಎಂದು ಗೋಡೆಗೆ ಹೇಳಿದಂತೆ ಹೇಳುತ್ತಿದ್ದರು. ಅಷ್ಟು ಕೇಳಲು ಅಂಚು ಮಡಚಿಸಬೇಕಿತ್ತು. ಹಾಗಾಗಿ ತಿಂಗಳಿಗೊಂದು ಲಂಗ ಒಯ್ಯುತ್ತಿದ್ದೆ. ಒಂಬತ್ತು ವರ್ಷದಲ್ಲಿ ನನ್ನ ಲಂಗಗಳೆಲ್ಲ ಗಿಡ್ಡವಾದವು. ಅಜ್ಜಿ ಇನ್ನೆರಡು ವರ್ಷ ಬದುಕಿದ್ದರೆ ಈ ವಯಸ್ಸಿನಲ್ಲಿ ಮೊಣಕಾಲು ತೋರಿಸಿಕೊಂಡು ಕೌಂಟರಿನಲ್ಲಿ ಕೂರಬೇಕಿತ್ತು. ನವೆಂಬರಿನಲ್ಲಿ ಅವರು ತೀರಿಕೊಂಡಾಗಿನಿಂದ ಸುದ್ದಿಯೂ ಇಲ್ಲ, ಮಡಚಲು ಅಂಚೂ ಇಲ್ಲ.

ಇನ್ನೊಂದು ವಿಷಯ. ಸಭಾಭವನದವರೂ ವರ್ಷಕ್ಕೊಮ್ಮೆ ಪರವಾನಗಿ ನವೀಕರಿಸಬೇಕು. ಅವರಿಗೂ ಆರು ವರ್ಷದಿಂದ ಅದೇ ಸೂಚನಾಪತ್ರ ಕಳಿಸುತ್ತಿದ್ದೇನೆ. ಮೊನ್ನೆ ಭವನದ ಅಧ್ಯಕ್ಷ ಔರೆಲಿಯೊ ಸಿಲ್ವೇರಾ ಬಂದು ಕೌಂಟರಿಗೆ ಮೊಣಕೈ ಊರಿದ.

‘ಏನಮ್ಮಾ ಒಡೇಟ್, ವರ್ಷಾ ವರ್ಷಾ ಒಂದೇ ಲವ್ ಲೆಟರ್ ಕಳಿಸ್ತೀಯಲ್ಲ. ನಮ್ಮ ಟೈಲಿಗೇನಾಗಿದೆ? ಗಂಡಸಿಗೆ ಟೋಪಿ, ಹೆಂಗಸಿಗೆ ಶಾಲು. ಕುರುಡನಿಗೂ ಗೊತ್ತಾಗುತ್ತೆ.’

‘ಕುರುಡನಿಗೆ ಹೆಂಗಪ್ಪಾ ಗೊತ್ತಾಗುತ್ತೆ? ಟೈಲು ನುಣ್ಣಗಿದೆ. ಅದಕ್ಕೇ ಕೈಗೆ ಸಿಗೋ ಹಾಗೆ ಅಂಚು ಇರೋ ಗುರುತು ಹಾಕಿ ಅಂತಾರೆ.’

‘ನಮ್ಮಪ್ಪ ತೆರ್ಸೈರಾ ದ್ವೀಪದಿಂದ ಮಡಿಲಲ್ಲಿಟ್ಕೊಂಡು ತಂದ ಟೈಲು ಕಣೇ ಅದು.’

‘ನಿಮ್ಮಪ್ಪ ಮಡಿಲಲ್ಲಿಟ್ಕೊಂಡು ತಂದಿದ್ದನ್ನ ನೀನು ಕಕ್ಕಸಿನ ಬಾಗಿಲಿಗೆ ಹೊಡೆದಿದ್ದೀಯ. ಅದಕ್ಕೇನು ಹೇಳ್ತೀಯ?’

ಅವನು ನವೀಕರಣ ಮಾಡಿಸಿಕೊಳ್ಳದೆ ಹೋದ. ತಮಗೆ ತಿಳಿಸಬೇಕೆನಿಸಿತು. ಯಾಕೆಂದು ಕೇಳಬಾರದು.

ಜುಲೈ 17ಕ್ಕೆ ಇನ್ನು ನೂರ ಹನ್ನೆರಡು ದಿನ.

ಒ. ಬೋರ್ಬಾ

*

ಫಾಲ್ ರಿವರ್
ಏಪ್ರಿಲ್ 14, 2023

ಮಾನ್ಯರೇ,

ಉತ್ತರ ತಡವಾಯಿತು. ಇಲ್ಲಿ ಶಾಲೆಯ ಬ್ಯಾಂಡಿನವರ ಸಮವಸ್ತ್ರ ಹೊಲಿಯುವ ಕಾಲ. ದಿನಕ್ಕೆ ಮೂವತ್ತು ಜನರ ಅಳತೆ ತೆಗೆಯುತ್ತೇನೆ. ನೀವು ನಿಲ್ಲಿ, ಉಸಿರು ಬಿಡಿ, ಕೈ ಎತ್ತಿ, ಇಷ್ಟೇ ಮಾತು. ಅಳತೆಯ ಮಧ್ಯೆ ಅಳು ಬರಬಾರದು, ಟೇಪು ನೆನೆದರೆ ಇಂಚು ಹಿಗ್ಗುತ್ತದೆ ಎಂದು ಅಜ್ಜಿ ಹೇಳುತ್ತಿದ್ದರು. ತಮ್ಮ ಮಾರ್ಚ್‌ನ ಪತ್ರವನ್ನು ಬೆಳಗಿನ ಬಿಡುವಿನಲ್ಲಿ ಓದಿದೆ. ಆ ದಿನ ಮೂರು ಪ್ಯಾಂಟು ಉದ್ದವಾದವು.

ಅಜ್ಜಿಯ ಪತ್ರಗಳಲ್ಲೂ ಗೋಡೆಗೆ ಹೇಳಿದಂಥ ಮಾತುಗಳೇ. ‘ಈ ತಿಂಗಳೂ ಒಬ್ಬರು ಲಂಗ ತಂದಿದ್ದರು, ಮಡಚುವ ಅಗತ್ಯವಿರಲಿಲ್ಲ’ ಎಂದು ಪ್ರತಿ ಸಲ ಕೊನೆಗೊಂದು ಸಾಲು ಇರುತ್ತಿತ್ತು. ಯಾರೋ ತಲೆ ಕೆಟ್ಟ ಗಿರಾಕಿ ಎಂದುಕೊಂಡಿದ್ದೆ.

ಕಪ್ಪು ಶಾಯಿಯಲ್ಲಿ ಸಹಿ ಮಾಡಿದ್ದೇನೆ. ನಕ್ಷೆಯಲ್ಲಿ ಶೌಚಾಲಯ ತೋರಿಸಿದ್ದೇನೆ. ನೂಲಿನ ಕಪಾಟಿನ ಪಕ್ಕದಲ್ಲೇ. ಕಲಂ ಆರು ಖಾಲಿಯಾಗಿಯೇ ಇದೆ. ಆ ಹೆಸರನ್ನು ನಾನು ಬರೆಯುವುದಿಲ್ಲ. ಅದು ಕೆಟ್ಟ ಹೆಸರೆಂದಲ್ಲ. ಬೇರೆ ಯಾರದ್ದೋ ಅಂಗಿಯನ್ನು ಇಪ್ಪತ್ತೆರಡು ವರ್ಷ ಹಾಕಿಕೊಂಡು, ತೊಳೆದು ಇಸ್ತ್ರಿ ಮಾಡಿ ಹಿಂದಿರುಗಿಸಿದ್ದೇನೆ. ಮತ್ತೆ ತೊಡು ಎನ್ನಬೇಡಿ. ಈಗಿರುವುದು ತಮ್ಮ ತಂದೆಯ ಹೆಸರು. ಊರಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದನದ ಕೊಟ್ಟಿಗೆ ತೋರಿಸಿದವರು ಅವರೊಬ್ಬರೇ ಆದ್ದರಿಂದ ತೆಗೆದುಕೊಂಡೆ. ತಮ್ಮ ಅನುಮತಿ ಕೇಳಿರಲಿಲ್ಲ.

ಒಂದು ಪ್ರಶ್ನೆ ಇದೆ. ನನ್ನ ಅಂಗಡಿಯ ಬಾಗಿಲಿಗೆ ಬೇಕಾದ ಗುರುತನ್ನು ನಾನೇ ಹಾಕಿಕೊಳ್ಳುತ್ತೇನೆ, ಕಷ್ಟವಿಲ್ಲ. ಆದರೆ ಅಂಗಡಿ ಇಟ್ಟವನು ಊರಲ್ಲೂ ಇರಬೇಕಲ್ಲ. ಫೆಸ್ತಾದ ಭಾನುವಾರ ಸೋಪಾಸ್ ಉಣ್ಣಲು ಭವನಕ್ಕೆ ಬಂದರೆ, ನಾನು ಎಲ್ಲಿಗೆ ಹೋಗಲಿ? ಟೋಪಿಗೋ, ಶಾಲಿಗೋ, ಮನೆಗೋ?

ಇದಕ್ಕೆ ತಮ್ಮ ಉತ್ತರ ಬಂದ ಮೇಲೆ ನಾನು ಬರುವುದೋ ಬಿಡುವುದೋ ತೀರ್ಮಾನಿಸುತ್ತೇನೆ.

ಡುವಾರ್ಟೆ

*

ನಗರಸಭೆ, ಲೋಮಾ ಸೆಕಾ
ಮೇ 3, 2023

ಮಾನ್ಯ ಅರ್ಜಿದಾರರೇ,

ತಮ್ಮ ಪ್ರಶ್ನೆ ಪರಿಶೀಲನೆಯಲ್ಲಿದೆ.

ಒ. ಬೋರ್ಬಾ

*

ಫಾಲ್ ರಿವರ್
ಮೇ 16, 2023

ಮಾನ್ಯರೇ,

ಪರಿಶೀಲನೆಯಲ್ಲಿದೆ ಎಂದರೆ ಇಲ್ಲ ಎಂದು ಅರ್ಥ ಎಂಬುದನ್ನು ನಾನು ತಮ್ಮ ಕೌಂಟರಿನ ಕೆಳಗೆ ಕೂತೇ ಕಲಿತಿದ್ದೇನೆ. ಎಷ್ಟು ಜನಕ್ಕೆ ಹಾಗೆ ಹೇಳಿ ಕಳಿಸಿದಿರಿ, ಎಷ್ಟು ಜನ ಟೋಪಿ ತೆಗೆದು ವಂದಿಸಿ ಹೋದರು, ಎಲ್ಲ ಕಂಡಿದ್ದೇನೆ.

ಇಲ್ಲಿನ ಯಜಮಾನರು ಇನ್ನೆರಡು ವರ್ಷ ಇರು ಎನ್ನುತ್ತಿದ್ದಾರೆ. ಇರುತ್ತೇನೆ ಎಂದು ಇನ್ನೂ ಹೇಳಿಲ್ಲ. ಜೂನ್ ಕೊನೆಗೆ ಹೇಳಬೇಕು. ಮೊಬೈಲ್ ರಿಪೇರಿಯವರಿಗೆ ಅಂಗಡಿ ಕೊಡುವುದಾದರೆ ಕೊಡಲಿ. ಬೊಂಬೆಯನ್ನು ಮಾತ್ರ ಬೀದಿಗೆ ಹಾಕಬೇಡಿರೆಂದು ಅಜ್ಜಿಯ ಮಗಳಿಗೆ ತಿಳಿಸಿ.

ಡುವಾರ್ಟೆ ಬೋರ್ಬಾ

*

ಲೋಮಾ ಸೆಕಾ
ಜೂನ್ 5, 2023

ಡುವಾರ್ಟೆ,

ಇದು ಕಚೇರಿಯ ಕಾಗದ ಅಲ್ಲ. ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ, ನೀಲಿ ಶಾಯಿಯಲ್ಲಿ. ಕಪ್ಪು ಪೆನ್ನು ಆಫೀಸಿನಲ್ಲಿ ಉಳಿಯಿತು.

ಪರಿಶೀಲನೆ ಎಂದರೆ ಈ ಸಲ ನಿಜವಾಗಿಯೂ ಪರಿಶೀಲನೆಯೇ ಆಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲನೇ ಸಲ ಆದ್ದರಿಂದ ನೀನು ನಂಬದೆ ಇದ್ದದ್ದು ನಿನ್ನ ತಪ್ಪಲ್ಲ.

ನಿನ್ನ ಏಪ್ರಿಲ್ ಪತ್ರ ಬಂದ ವಾರವೇ ಭವನದ ಅಡಿಗೆಮನೆಯ ಹೆಂಗಸರನ್ನು ಸೇರಿಸಿದೆ. ಔರೆಲಿಯೊ ಕೂಡ ಬಂದು ಎದೆಗೆ ಕೈ ಕಟ್ಟಿ ನಿಂತ. ಕಾಯ್ದೆ ಓದಿ ಹೇಳಿದೆ. ಯಾರೂ ಅಲುಗಲಿಲ್ಲ. ಆಮೇಲೆ ಹೇಳಿದೆ, ‘ಪ್ರತಿ ಫೆಸ್ತಾದಲ್ಲೂ ಶಾಲಿನ ಬಾಗಿಲಿಗೆ ಇಪ್ಪತ್ತು ಜನ ಹೆಂಗಸರು ಕಾಲು ಹೆಣೆದುಕೊಂಡು ನಿಂತಿರ್ತೀವಿ. ಪಕ್ಕದಲ್ಲಿ ಟೋಪಿ ಬಾಗಿಲು ಹಾಳು ಸುರೀತಾ ಇರುತ್ತೆ. ನಲವತ್ತು ವರ್ಷ ಆಯ್ತು. ಒಳಗಿರೋದು ಒಂದೇ ಗುಂಡಿ. ಯಾರ ಭಯಕ್ಕೆ ನಿಂತಿದ್ದೀವಿ?’

ನನ್ನ ನಾದಿನಿ ಲುರ್ಡೆಸ್, ಅದೇ ನಿನ್ನ ಅತ್ತೆ, ಈರುಳ್ಳಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು. ‘ಒಡೇಟ್, ಇದನ್ನ ಮೊದಲೇ ಹೇಳೋಕೇನಾಗಿತ್ತು ನಿನಗೆ? ನಾನು ಮೂರು ಹೆತ್ತವಳು. ನನ್ನ ಕೈಲಿ ಸಾಲಲ್ಲಿ ನಿಲ್ಲೋಕಾಗಲ್ಲ.’

‘ಟೈಲು?’ ಎಂದ ಔರೆಲಿಯೊ.

‘ಟೈಲನ್ನ ಒಲೆ ಮೇಲಿನ ಗೋಡೆಗೆ ಹಾಕು’ ಎಂದೆ. ‘ನಿಮ್ಮಪ್ಪ ಸಾರಿನ ವಾಸನೆ ನೋಡ್ಕೊಂಡಿರ್ಲಿ. ಇಷ್ಟು ದಿನ ನೋಡ್ತಿದ್ದ ವಾಸನೆಗಿಂತ ವಾಸಿ.’

ಅವನು ಮರುದಿನ ತಾನೇ ಟೈಲು ಬಿಚ್ಚಿದ. ಒಂದು ಚೂರೂ ಒಡೆಯಲಿಲ್ಲ.

ಗುರುತುಗಳನ್ನು ಅಂಗಡಿಯಿಂದ ತರುತ್ತೇನೆಂದ. ಬೇಡ, ನಾನು ಮಾಡುತ್ತೇನೆ ಎಂದೆ. ಪುದೀನ ಹಾಕಿಡುವ ಪಾತ್ರೆಯ ಮುಚ್ಚಳ ಅಳೆದರೆ ಸರಿಯಾಗಿ ಒಂದಡಿ. ಅದನ್ನು ಹಲಗೆಯ ಮೇಲಿಟ್ಟು ಗೆರೆ ಎಳೆದು ವೃತ್ತ ಕತ್ತರಿಸಿದೆ, ಎರಡು. ನೀಲಿ ಬಣ್ಣ. ಅದರ ಮೇಲೆ, ಎಲ್ಲರದ್ದು ಎಂಬ ಬಾಗಿಲಿಗೆ ಸೂಚನಾಪತ್ರ ಕೇಳುವ ಬಿಳಿ ತ್ರಿಕೋನ. ನೆಲದಿಂದ ಅರವತ್ತು ಇಂಚಿಗೆ ನಾಲ್ಕು ನಾಲ್ಕು ಸ್ಕ್ರೂ ಹಾಕಿ ಕೂರಿಸಿದೆ. ಒಂದು ಸ್ಕ್ರೂ ವಾರೆಯಾಗಿದೆ. ದೂರದಿಂದ ನೋಡಿದ ಔರೆಲಿಯೊ, ‘ಶಾಲು ಮಡಚಿ ಹೊದ್ದ ಹಾಗೇ ಇದೆಯಲ್ಲೇ’ ಎಂದು ಸಮಾಧಾನಪಟ್ಟುಕೊಂಡ. ಫೋಟೋ ಇಟ್ಟಿದ್ದೇನೆ.

ಮೊನ್ನೆ ಮೇ 28ಕ್ಕೆ ಫೆಸ್ತಾ ಆಯಿತು. ಸಾಲು ಎರಡೂ ಬಾಗಿಲಿಗೆ ಹಂಚಿಹೋಯಿತು. ಯಾರೂ ಕೆಮ್ಮಲಿಲ್ಲ. ಬಟ್ಟಲು ತುಂಬುವುದರ ನಡುವೆ ನಾಲ್ಕು ಸಲ ಹೊರಗೆ ಬಂದು ಎರಡು ಬಾಗಿಲಿನ ನಡುವಿನ ಗೋಡೆ ನೋಡಿದೆ. ಅಲ್ಲಿ ಯಾರೂ ನಿಂತಿರಲಿಲ್ಲ. ಈ ಸಲ ನಿಲ್ಲಬೇಕಾಗಿಯೂ ಇರಲಿಲ್ಲ.

ಆವತ್ತು ‘ಮನೆಗೆ ಹೋಗಿ ಬಾ’ ಎಂದೆ. ನೀನು ಅರ್ಧ ಮಾತ್ರ ಪಾಲಿಸಿದೆ ಎಂದು ಒಂಬತ್ತು ವರ್ಷ ನನ್ನಷ್ಟಕ್ಕೆ ನಾನು ವಾದ ಮಾಡಿಕೊಂಡೆ. ಬಾ ಎಂದೂ ಹೇಳಿದ್ದೆನಲ್ಲ ಎಂದು. ನಿಜ ಏನೆಂದರೆ, ಆ ಕ್ಷಣ ನನಗೆ ಬೇಕಾಗಿದ್ದದ್ದು ಮೊದಲ ಅರ್ಧ. ನೀನು ನನ್ನ ಕಣ್ಣಮುಂದಿನಿಂದ ಹೋಗಬೇಕಿತ್ತು, ಜನ ನನ್ನನ್ನು ನೋಡುವುದು ನಿಲ್ಲಬೇಕಿತ್ತು. ನಾನು ಮನೆಗೆ ಬಂದಾಗ ನಿನ್ನ ಕೋಣೆಯಲ್ಲಿ ಮಖಮಲ್ಲಿನ ಚೂರುಗಳು ಬಿದ್ದಿದ್ದವು. ಗುಡಿಸಲಿಲ್ಲ, ಬಹಳ ದಿನ.

ಕಲಂ ಆರು. ಕೈಪಿಡಿ ತೆಗೆದು ಮತ್ತೆ ಓದಿದೆ. ಹಿಂದೆ ಯಾವ ಹೆಸರಿನಲ್ಲಿ ವ್ಯಾಪಾರ ಮಾಡಿದ್ದೀರಿ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಹಳೆಯ ಹೆಸರಿನಲ್ಲಿ ನೀನು ಒಂದು ಸಲ ಬೀದಿಯಲ್ಲಿ ನಿಂಬೆ ಪಾನಕ ಮಾರಿದ್ದು ಬಿಟ್ಟರೆ ಬೇರೆ ವ್ಯಾಪಾರ ಮಾಡಿಲ್ಲ. ಅದಕ್ಕೆ ಪರವಾನಗಿ ಇರಲಿಲ್ಲ. ಅಧಿಕಾರಿ ಕಂಡರೂ ಕಾಣದ ಹಾಗೆ ಎರಡು ಲೋಟ ಕುಡಿದಿದ್ದರು. ಆದ್ದರಿಂದ ಕಲಂ ಆರರಲ್ಲಿ ‘ಅನ್ವಯಿಸುವುದಿಲ್ಲ’ ಎಂದು ಬರೆದು ಪಕ್ಕದಲ್ಲಿ ನನ್ನ ಸಹಿ ಹಾಕಿದ್ದೇನೆ. ಇಪ್ಪತ್ತೆರಡು ವರ್ಷ ತಪ್ಪಾಗಿ ಓದಿದ ಕಲಂ ಅದು.

ಒಂದನ್ನು ಮುಚ್ಚಿಡಬಾರದು. ಫೆಸ್ತಾದ ದಿನ ಪಾತ್ರೆ ತೊಳೆಯುವಾಗ ಲುರ್ಡೆಸ್ ಕೇಳಿದಳು, ‘ನಿನ್ನ ಮಗಳ ಸುದ್ದಿ ಏನಾದ್ರೂ ಬಂತಾ ಒಡೇಟ್?’ ನಾನು ಬಾಯಿ ತೆರೆದೆ. ಬೇಕಾದ ಪದ ಗೊತ್ತಿತ್ತು. ಬರಲಿಲ್ಲ. ಸೌಟು ತೊಳೆಯಲು ಅತ್ತ ತಿರುಗಿದೆ. ಬಾಗಿಲಿನ ಗುರುತು ಬದಲಾಯಿಸಲು ಎಂಟು ಸ್ಕ್ರೂ ಸಾಕಾಯಿತು. ಬಾಯಿಗೆ ಎಷ್ಟು ಬೇಕೋ ಗೊತ್ತಿಲ್ಲ.

ಎಲ್ಲಿಗೆ ಹೋಗಲಿ ಎಂದು ನೀನು ಕೇಳಿದ್ದೆ. ಯಾವುದಕ್ಕೆ ಬೇಕಾದರೂ ಹೋಗು. ಮನೆಗೂ ಬಾ.

ಒಡೇಟ್

*

ಫಾಲ್ ರಿವರ್
ಜೂನ್ 15, 2023

ಮಾನ್ಯ ಅಧಿಕಾರಿಗಳೇ,

ತಾವು ಕಳಿಸಿದ ಫೋಟೋವನ್ನು ಪರಿಶೀಲಿಸಲಾಗಿ ಕೆಳಗಿನ ಕೊರತೆ ಕಂಡುಬಂದಿದೆ.

ತ್ರಿಕೋನ ತಲೆಕೆಳಗಾಗಿದೆ. ಎರಡು ಬಾಗಿಲಲ್ಲೂ.

ತಾವು ಅದನ್ನು ಶಾಲಿನ ಹಾಗೆ ಕೂರಿಸಿದ್ದೀರಿ, ತುದಿ ಬೆನ್ನ ಮೇಲೆ ಇಳಿಬಿದ್ದಂತೆ. ನಮ್ಮ ಊರಿನ ಯಾವ ಹೆಂಗಸು ಮಾಡಿದರೂ ಹಾಗೇ ಮಾಡುತ್ತಿದ್ದಳು. ಹೊದೆಯಲು ಚೆನ್ನ, ನಿಯಮಕ್ಕೆ ಒಪ್ಪುವುದಿಲ್ಲ. ತುದಿ ಮೇಲಕ್ಕಿರಬೇಕು ಎಂದು ತಾವೇ ಕಳಿಸಿದ ಸೂಚನಾಪತ್ರದಲ್ಲಿದೆ. ಫೆಬ್ರವರಿಯಲ್ಲಿ ಹರಿದು ಹಾಕಬೇಕೆಂದು ಎತ್ತಿಕೊಂಡಿದ್ದೆ, ಹರಿಯಲಾಗಲಿಲ್ಲ. ತಮ್ಮ ಬೆರಳು ಒತ್ತಿದ ಗೆರೆ ಅದರಲ್ಲಿತ್ತು. ಈಗ ತೆಗೆದು ನೋಡಿದೆ. ಆ ಸಾಲು ಸರಿಯಾಗಿ ಮೊದಲ ಮಡಿಕೆಯ ಮೇಲೆ ಬರುತ್ತದೆ. ಆರು ವರ್ಷದಿಂದ ಊರಿಗೆಲ್ಲ ಹಂಚಿದ ಕಾಗದದಲ್ಲಿ ತಾವು ಪ್ರತಿ ಸಲ ಅದೇ ಒಂದು ಸಾಲನ್ನು ಉಗುರಿನಿಂದ ಒತ್ತಿ ಮಸುಕು ಮಾಡಿದ್ದೀರಿ. ಟೈರ್ ಅಂಗಡಿಯ ಬಾಗಿಲನ್ನೂ ಒಮ್ಮೆ ನೋಡಿ ಬನ್ನಿ.

ಫೋಟೋವನ್ನು ಕೆಲಸದ ಮೇಜಿನ ಮುಂದೆ ಸಿಕ್ಕಿಸಿದ್ದೇನೆ. ವಾರೆಯಾದ ಸ್ಕ್ರೂ ಎಡಗಡೆಯದ್ದು. ಯಜಮಾನರು ನೋಡಿ, ‘ಇದೇನಿದು, ಯಾರ ಮನೆ ಬಾಗಿಲು?’ ಎಂದರು. ‘ನಮ್ಮ ಊರಿನ ಕಕ್ಕಸಿನದು’ ಎಂದೆ. ಇರುವುದಿಲ್ಲ ಎಂದು ಅವರಿಗೆ ಹೇಳಿಯಾಯಿತು.

ಕೊರತೆಯನ್ನು ತಾವು ಸರಿಪಡಿಸತಕ್ಕದ್ದಲ್ಲ. ಬೇರೆ ಯಾರ ಕೈಗೂ ಕೊಡತಕ್ಕದ್ದಲ್ಲ. ಜುಲೈ ಎಂಟರ ಬಸ್ಸಿಗೆ ಬರುತ್ತೇನೆ. ನಾನೇ ಬಿಚ್ಚಿ ತಿರುಗಿಸುತ್ತೇನೆ. ಲಂಗಗಳನ್ನೂ ತೆಗೆದಿಡಿ. ಅಜ್ಜಿ ಯಾವತ್ತೂ ಬಟ್ಟೆ ಕತ್ತರಿಸಿ ಎಸೆಯುವವರಲ್ಲ, ಒಳಗೆ ಮಡಚಿಟ್ಟಿರುತ್ತಾರೆ. ಒಂಬತ್ತು ವರ್ಷದ್ದೂ ಬಿಚ್ಚಬಹುದು.

ಲುರ್ಡೆಸ್ ಅತ್ತೆಗೆ ಏನು ಹೇಳಬೇಕೆಂದು ಚಿಂತೆ ಬೇಡ. ನಿಧಾನ. ಪರಿಶೀಲನೆಯಲ್ಲಿರಲಿ.

ಡುವಾರ್ಟೆ

ಬರೆದು ಮುಗಿಸಿ ಲಕೋಟೆ ಅಂಟಿಸುವಾಗ ನೆನಪಾಯಿತು: ಮೇಲೆ ಮಾನ್ಯ ಅಧಿಕಾರಿಗಳೇ ಎಂದಿರುವ ಕಡೆ ಅಮ್ಮ ಎಂದು ಓದಿಕೊಳ್ಳುವುದು.

*

ಲೋಮಾ ಸೆಕಾ
ಜೂನ್ 27, 2023

ಡುವಾರ್ಟೆ,

ಟೈರ್ ಅಂಗಡಿಗೆ ಹೋಗಿದ್ದೆ. ತಲೆಕೆಳಗೇ ಇದೆ. ಡೋನಟ್ ಅಂಗಡಿಯದ್ದು ನೆಟ್ಟಗಿದೆ, ಅವರು ಗುರುತನ್ನು ಕೊಂಡು ತಂದಿದ್ದರು. ಈಗ ಕಾಗದವನ್ನು ಎರಡೇ ಮಡಿಕೆ ಮಾಡಿ ದೊಡ್ಡ ಲಕೋಟೆಗೆ ಹಾಕುತ್ತಿದ್ದೇನೆ.

ನಿನ್ನ ಪರವಾನಗಿ ಸಿದ್ಧವಾಗಿದೆ. ಟಪಾಲಿಗೆ ಹಾಕುವುದಿಲ್ಲ. ಕೌಂಟರಿಗೆ ಬಂದು ತೆಗೆದುಕೊಂಡು ಹೋಗತಕ್ಕದ್ದು.

ಭವನದ ಬಾಗಿಲುಗಳು ನಾನು ಕೂರಿಸಿದ ಹಾಗೇ ಇವೆ. ನಿನ್ನೆ ಔರೆಲಿಯೊಗೆ ತಪ್ಪು ತೋರಿಸಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕು, ಒಳಗಿನಿಂದ ಸ್ಕ್ರೂಡ್ರೈವರ್ ತಂದು ಬಾಗಿಲಿನ ಮುಂದೆ ನಿಂತ. ಲುರ್ಡೆಸ್ ಕೂಡ ಅಲ್ಲೇ ಇದ್ದಳು, ಮೇಜು ಒರೆಸುತ್ತ.

‘ಮುಟ್ಟಬೇಡ’ ಎಂದೆ. ‘ಅದನ್ನ ತಿರುಗಿಸೋರು ಎಂಟನೇ ತಾರೀಕು ಬರ್ತಿದ್ದಾರೆ.’

‘ನಾಲ್ಕು ಸ್ಕ್ರೂ ತಿರುಗಿಸೋಕೆ ಎಂಟನೇ ತಾರೀಕ್ತನಕ ಕಾಯ್ಬೇಕಾ? ಯಾರಮ್ಮಾ ಅಂಥ ದೊಡ್ಡ ಮೇಸ್ತ್ರಿ?’

ಲುರ್ಡೆಸ್ ಒರೆಸುವುದನ್ನು ನಿಲ್ಲಿಸಿದಳು. ಇಬ್ಬರೂ ನನ್ನನ್ನೇ ನೋಡಿದರು.

‘ನನ್ನ ಮಗ’ ಎಂದೆ.

ಔರೆಲಿಯೊ ಸ್ಕ್ರೂಡ್ರೈವರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ‘ಹಾಗಾದ್ರೆ ಇಲ್ಲೇ ಇಟ್ಟಿರ್ತೀನಿ’ ಎಂದ.

ಅಮ್ಮ